ಬೇರು ಪೂರ್ತಿ ಬೆಳೆಯದ ಹಲ್ಲಿಗೆ ರೂಟ್ ಕೆನಾಲ್: ಬೇರು ಮತ್ತೆ ಬೆಳೆಯುವ ಚಿಕಿತ್ಸೆ ಮಕ್ಕಳಿಗೆ ಮಾಡಿಸಬಹುದೇ?

ಪುಟ್ಟನ_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗನಿಗೆ ಎಂಟು ವರ್ಷ. ಹಿಂದೆ ಆಟದಲ್ಲಿ ಬಿದ್ದು ಮೇಲಿನ ಮುಂದಿನ ಹಲ್ಲಿಗೆ ಪೆಟ್ಟಾಗಿತ್ತು. ತುದಿ ಮುರಿದಿದ್ದಕ್ಕೆ ಫಿಲ್ಲಿಂಗ್ ಹಾಕಿದ್ದರು. ಈಗ ಅದೇ ಹಲ್ಲಿನ ಮೇಲೆ ಒಸಡಿನಲ್ಲಿ ಸಣ್ಣ ಗುಳ್ಳೆ ಎದ್ದಿದೆ, ಒತ್ತಿದರೆ ಕೀವು ಬರುತ್ತದೆ. ನೋವು ಅಂತ ಅವನು ಹೇಳುವುದಿಲ್ಲ.

ಎಕ್ಸ್‌ರೇ ನೋಡಿದ ಡಾಕ್ಟರ್, ಒಳಗಿನ ತಿರುಳು ಸತ್ತಿದೆ, ಆದರೆ ಬೇರು ಇನ್ನೂ ಪೂರ್ತಿ ಬೆಳೆದಿಲ್ಲ, ಹಾಗಾಗಿ ದೊಡ್ಡವರಿಗೆ ಮಾಡುವ ರೂಟ್ ಕೆನಾಲ್ ಇಲ್ಲಿ ಆಗುವುದಿಲ್ಲ ಎಂದರು. ಎರಡು ದಾರಿ ಹೇಳಿದ್ದಾರೆ. ಒಂದು, ಬೇರಿನ ತುದಿಯನ್ನು ಎಂಟಿಎ ಎಂಬ ಸಿಮೆಂಟಿನಿಂದ ಮುಚ್ಚಿ ಒಳಗೆ ತುಂಬಿಸುವುದು. ಇನ್ನೊಂದು, ಒಳಗೆ ರಕ್ತ ಬರಿಸಿ ಬೇರು ಮತ್ತೆ ಬೆಳೆಯುವ ಹಾಗೆ ಮಾಡುವುದು. ಎರಡನೆಯದಕ್ಕೆ ರೀಜೆನರೇಟಿವ್ ಚಿಕಿತ್ಸೆ ಅಂತ ಹೆಸರಂತೆ. ಯೋಚನೆ ಮಾಡಿ ಬನ್ನಿ ಎಂದಿದ್ದಾರೆ. ಕೇಳಿದರೆ ಎರಡನೆಯದೇ ಚೆನ್ನಾಗಿದೆ ಅನಿಸುತ್ತದೆ. ಆದರೆ ರಕ್ತ ಬರಿಸುವುದು ಅಂದಾಗ ಎದೆ ಝಲ್ಲೆಂದಿತು. ಯಾರಾದರೂ ಮಾಡಿಸಿದ್ದೀರಾ? ತಿಳಿದವರು ದಯವಿಟ್ಟು ಹೇಳಿ.

ಮುತ್ತಿನ_ಹಲ್ಲು

ಮೇಡಂ, ಅಷ್ಟೊಂದು ಒದ್ದಾಟ ಯಾಕೆ? ಹಲ್ಲು ತೆಗೆಸಿ, ದೊಡ್ಡವನಾದ ಮೇಲೆ ಇಂಪ್ಲಾಂಟ್ ಹಾಕಿಸಿದರೆ ಆಯ್ತಲ್ವಾ?

ಮಕ್ಕಳ_ದಂತವೈದ್ಯೆ

ಮೊದಲು ಮೇಲಿನ ಮಾತಿಗೆ ಉತ್ತರ ಕೊಟ್ಟುಬಿಡುತ್ತೇನೆ, ಯಾಕೆಂದರೆ ಈ ಸಲಹೆ ಕೇಳಿ ಹಲ್ಲು ಕಳೆದುಕೊಂಡ ಮಕ್ಕಳನ್ನು ನೋಡಿದ್ದೇನೆ. ಇಂಪ್ಲಾಂಟ್ ಮೂಳೆಗೆ ಬಿಗಿಯಾಗಿ ಕಚ್ಚಿಕೊಂಡು ಕೂರುತ್ತದೆ. ಮಗುವಿನ ದವಡೆ ಬೆಳೆಯುತ್ತಾ ಹೋಗುತ್ತದೆ, ಅಕ್ಕಪಕ್ಕದ ಹಲ್ಲುಗಳು ದವಡೆಯ ಜೊತೆ ಕೆಳಗಿಳಿಯುತ್ತವೆ, ಇಂಪ್ಲಾಂಟ್ ಮಾತ್ರ ಇದ್ದಲ್ಲೇ ಉಳಿದು ಗಿಡ್ಡವಾಗಿ ಕಾಣುತ್ತದೆ. ಅದಕ್ಕೇ ಬೆಳವಣಿಗೆ ಮುಗಿಯುವ ತನಕ ಹಾಕುವುದಿಲ್ಲ. ಎಂಟು ವರ್ಷದ ಮಗು ಅಷ್ಟು ವರ್ಷ ಕಾಯಬೇಕು. ಹಲ್ಲಿಲ್ಲದ ಜಾಗದ ಮೂಳೆ ಅಷ್ಟರಲ್ಲಿ ಸವೆದು ತೆಳ್ಳಗಾಗುತ್ತದೆ. ಬೇರು ಗಟ್ಟಿಯಿಲ್ಲದಿದ್ದರೂ ಸರಿ, ಸೋಂಕಿಲ್ಲದ ಸ್ವಂತ ಹಲ್ಲು ಬಾಯಲ್ಲಿದ್ದರೆ ಮೂಳೆ ಉಳಿಯುತ್ತದೆ. ಈ ವಯಸ್ಸಿನಲ್ಲಿ ಅದೇ ದೊಡ್ಡ ಲಾಭ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ ಮೇಡಂ. ಶಾಶ್ವತ ಹಲ್ಲು ಒಸಡು ದಾಟಿ ಬಾಯಲ್ಲಿ ಕಾಣಿಸಿಕೊಂಡಾಗ ಅದರ ಬೇರು ಅರ್ಧದಿಂದ ಮುಕ್ಕಾಲು ಭಾಗ ಮಾತ್ರ ಆಗಿರುತ್ತದೆ. ಪೂರ್ತಿಯಾಗಲು ಆಮೇಲೆ ಸುಮಾರು 3 ವರ್ಷ ಬೇಕು. ಮೇಲಿನ ಮುಂದಿನ ಹಲ್ಲು 7ರಿಂದ 8 ವರ್ಷಕ್ಕೆ ಹುಟ್ಟುತ್ತದೆ, ಬೇರು ಮುಗಿಯುವುದು 10ರ ಹೊತ್ತಿಗೆ. ಬೇರನ್ನು ಉದ್ದ ಮಾಡುವುದು, ಗೋಡೆ ದಪ್ಪ ಮಾಡುವುದು ಒಳಗಿನ ತಿರುಳಿನ ಕೆಲಸ. ತಿರುಳು ನಡುವೆ ಸತ್ತರೆ ಬೇರು ಅಲ್ಲಿಗೇ ನಿಂತುಬಿಡುತ್ತದೆ. ಗೋಡೆ ತೆಳ್ಳಗೆ, ತುದಿ ತುತ್ತೂರಿಯ ಬಾಯಿಯ ಹಾಗೆ ಅಗಲ. ಮಾಮೂಲಿ ರೂಟ್ ಕೆನಾಲ್‌ನಲ್ಲಿ ತುಂಬುವ ವಸ್ತುವಿಗೆ ತುದಿಯಲ್ಲಿ ಒಂದು ತಡೆ ಬೇಕು. ಇಲ್ಲಿ ತಡೆಯೇ ಇಲ್ಲ. ಫೈಲ್ ಎಂಬ ಸೂಜಿಯಂಥ ಉಪಕರಣ ಹಾಕಿ ಉಜ್ಜಿದರೆ ಇದ್ದ ಗೋಡೆಯೂ ಸವೆಯುತ್ತದೆ.

ಆದರೆ ನಿರ್ಧಾರಕ್ಕೆ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಿ: ತಿರುಳು ನಿಜವಾಗಿಯೂ ಸತ್ತಿದೆಯಾ? ಕೀವಿನ ಗುಳ್ಳೆ ಇರುವುದರಿಂದ ನಿಮ್ಮ ಮಗನ ವಿಷಯದಲ್ಲಿ ಸತ್ತಿರುವ ಸಾಧ್ಯತೆಯೇ ಜಾಸ್ತಿ. ಇದನ್ನು ಓದುವ ಬೇರೆ ಅಪ್ಪ ಅಮ್ಮಂದಿರಿಗಾಗಿ ಹೇಳುತ್ತಿದ್ದೇನೆ. ಎಳೆಯ ಹಲ್ಲಿನಲ್ಲಿ ನರಗಳ ಜಾಲ ಇನ್ನೂ ಪೂರ್ತಿ ಆಗಿರುವುದಿಲ್ಲ. ತಣ್ಣಗಿನ ಪರೀಕ್ಷೆಗೆ, ಕರೆಂಟ್ ಪರೀಕ್ಷೆಗೆ ಉತ್ತರ ಬಾರದಿದ್ದ ಮಾತ್ರಕ್ಕೆ ಸತ್ತಿದೆ ಎನ್ನಲಾಗದು. ಪೆಟ್ಟು ಬಿದ್ದ ಮೇಲೆ ತಿಂಗಳುಗಟ್ಟಲೆ ಹಲ್ಲು ಮರಗಟ್ಟಿದ ಹಾಗಿದ್ದು ಮತ್ತೆ ಚೇತರಿಸಿಕೊಳ್ಳುವುದು ಉಂಟು. ತುದಿ ಅಗಲ ಇರುವುದರಿಂದ ಹೊಸ ರಕ್ತನಾಳ ತಾನಾಗಿ ಒಳಗೆ ಬೆಳೆಯಬಲ್ಲದು. ತಿರುಳು ಜೀವಂತ ಇದ್ದರೆ ಅದಕ್ಕಿಂತ ಒಳ್ಳೆಯ ಚಿಕಿತ್ಸೆ ಯಾವುದೂ ಇಲ್ಲ. ಮುರಿದು ತಿರುಳು ಹೊರಗೆ ಕಾಣುತ್ತಿದ್ದರೂ ಮೇಲಿನ ಒಂದೆರಡು ಮಿಲಿಮೀಟರ್ ಮಾತ್ರ ತೆಗೆದು, ಮೇಲೆ ಎಂಟಿಎ ಅಥವಾ ಬಯೋಡೆಂಟಿನ್ ಎಂಬ ಅಂಥದೇ ಸಿಮೆಂಟ್ ಮುಚ್ಚಿದರೆ ಉಳಿದ ತಿರುಳು ಬೇರನ್ನು ತಾನೇ ಮುಗಿಸುತ್ತದೆ. ಅವಸರದಲ್ಲಿ ತಿರುಳು ಪೂರ್ತಿ ತೆಗೆಯಲು ಯಾರೂ ಒಪ್ಪಿಕೊಳ್ಳಬೇಡಿ.

ಪುಟ್ಟನ_ಅಮ್ಮ

ಮೇಡಂ, ತುಂಬಾ ಧನ್ಯವಾದ. ಬೇರಿನ ತುದಿಯ ಸುತ್ತ ಮೂಳೆಯಲ್ಲಿ ಕಪ್ಪು ನೆರಳಿರುವುದನ್ನೂ ಎಕ್ಸ್‌ರೇಯಲ್ಲಿ ತೋರಿಸಿದರು. ಅಂದ ಮೇಲೆ ಸತ್ತಿದೆ ಎಂದೇ ಲೆಕ್ಕ ಅಲ್ವಾ? ಎಂಟಿಎ ಒಳ್ಳೆಯದಾ, ರಕ್ತ ಬರಿಸುವುದು ಒಳ್ಳೆಯದಾ?

ಎಂಡೋ_ಪಿಜಿ

ನಾನು ಎಂಡೋಡಾಂಟಿಕ್ಸ್ (ಹಲ್ಲಿನ ತಿರುಳು, ರೂಟ್ ಕೆನಾಲ್ ಚಿಕಿತ್ಸೆಯ ವಿಭಾಗ) ಸ್ನಾತಕೋತ್ತರ ವಿದ್ಯಾರ್ಥಿ. ಸ್ವಲ್ಪ ಹಿನ್ನೆಲೆ ಹೇಳುತ್ತೇನೆ, ಆಗ ಈ ಎರಡು ದಾರಿ ಯಾಕೆ ಬಂದವು ಎಂದು ತಿಳಿಯುತ್ತದೆ.

ಹಳೆಯ ಪದ್ಧತಿಯಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟನ್ನು ತಿಂಗಳುಗಟ್ಟಲೆ ಒಳಗಿಡುತ್ತಿದ್ದರು. ಬದಲಾಯಿಸುತ್ತಾ ಹೋದರೆ ತುದಿಯಲ್ಲಿ ಗಟ್ಟಿ ಪದರ ಕಟ್ಟಿಕೊಳ್ಳುತ್ತದೆ, ಆಮೇಲೆ ಒಳಗೆ ತುಂಬಿಸುವುದು. ಕೆಲಸವೇನೋ ಆಗುತ್ತಿತ್ತು, ಆದರೆ ಗೋಡೆ ತೆಳ್ಳಗೇ ಉಳಿಯುತ್ತಿತ್ತು. ಸ್ವೀಡನ್‌ನ ಸ್ವೆಕ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಚಿಕಿತ್ಸೆಯಾದ ಎಳೆಯ ಮುಂದಿನ ಹಲ್ಲುಗಳಲ್ಲಿ ಒಸಡಿನ ಮಟ್ಟದಲ್ಲಿ ಬೇರು ಮುರಿಯುವುದು ತುಂಬಾ ಕಂಡುಬಂತು. ಬೇರು ಅತಿ ಕಡಿಮೆ ಬೆಳೆದಿದ್ದ ಹಲ್ಲುಗಳಲ್ಲಿ 77 ಶೇಕಡಾ, ಹೆಚ್ಚು ಬೆಳೆದಿದ್ದವುಗಳಲ್ಲಿ 28 ಶೇಕಡಾ. ಪೇಸ್ಟ್ ತುಂಬಾ ದಿನ ಒಳಗಿದ್ದರೆ ಬೇರಿನ ಡೆಂಟಿನ್ (ತಿರುಳಿನ ಸುತ್ತಲಿನ ಗಟ್ಟಿ ಭಾಗ) ದುರ್ಬಲವಾಗುತ್ತದೆ ಎಂದೂ 2002ರಲ್ಲಿ ಬಂದ ಪ್ರಯೋಗ ತೋರಿಸಿತು.

ಎಂಟಿಎ 1993ರ ಹೊತ್ತಿಗೆ ಅಮೆರಿಕದ ಲೋಮ ಲಿಂಡಾ ವಿಶ್ವವಿದ್ಯಾಲಯದಿಂದ ಬಂತು. ಇದು ಒದ್ದೆ ಜಾಗದಲ್ಲೂ ಗಟ್ಟಿಯಾಗುತ್ತದೆ. ತುದಿಯಲ್ಲಿ 3ರಿಂದ 5 ಮಿಲಿಮೀಟರ್ ಹಾಕಿ ಮುಚ್ಚಿದರೆ ಒಂದೆರಡು ಭೇಟಿಯಲ್ಲಿ ಕೆಲಸ ಮುಗಿಯುತ್ತದೆ. ತಿಂಗಳುಗಟ್ಟಲೆ ಓಡಾಡುವುದು ತಪ್ಪಿತು. ಬೇರಿನ ಗೋಡೆ ಮಾತ್ರ ಇದರಲ್ಲೂ ಬೆಳೆಯುವುದಿಲ್ಲ.

ಬೇರಿನೊಳಗೆ ರಕ್ತ ತುಂಬಿಸಿ ನೋಡುವ ಯೋಚನೆ ಹೊಸದಲ್ಲ. ನಾರ್ವೆಯ ನೈಗಾರ್ಡ್ ಓಸ್ಟ್‌ಬಿ 1961ರಲ್ಲೇ ಇದನ್ನು ಬರೆದಿದ್ದರು. 2001ರಲ್ಲಿ ಜಪಾನಿನ ಇವಾಯ ಮತ್ತು ಸಂಗಡಿಗರು 13 ವರ್ಷದ ಮಗುವಿನ ಕೆಳಗಿನ ಪ್ರೀಮೋಲಾರ್ (ಕೋರೆಹಲ್ಲಿಗೂ ದವಡೆಹಲ್ಲಿಗೂ ನಡುವಿನ) ಹಲ್ಲಿನಲ್ಲಿ ಬೇರು ಮತ್ತೆ ಬೆಳೆದದ್ದನ್ನು ತೋರಿಸಿದರು. 2004ರಲ್ಲಿ ಬಾಂಕ್ಸ್ ಮತ್ತು ಟ್ರೋಪ್ ಇದಕ್ಕೊಂದು ಕ್ರಮ ಹಾಕಿಕೊಟ್ಟರು. ಅಲ್ಲಿಂದ ಲೋಕದಾದ್ಯಂತ ಮಾಡಲು ಶುರುವಾಯಿತು. ಬೇರಿನ ತುದಿಯಲ್ಲಿ ಎಪಿಕಲ್ ಪ್ಯಾಪಿಲ್ಲಾ ಎಂಬ ಮೆತ್ತನೆ ಅಂಗಾಂಶ ಇರುತ್ತದೆ, ಅದರಲ್ಲಿ ಸ್ಟೆಮ್ ಸೆಲ್‌ಗಳಿವೆ, ಅಂದರೆ ಬೇರೆ ಬೇರೆ ಅಂಗಾಂಶವಾಗಿ ಬೆಳೆಯಬಲ್ಲ ಜೀವಕೋಶಗಳು. ಸೋಂಕಿದ್ದರೂ ಅವು ಬದುಕಿರಬಲ್ಲವು. ರಕ್ತ ಒಳಗೆ ಬಂದಾಗ ಅವೂ ಜೊತೆಗೆ ಬರುತ್ತವೆ.

ಹಾಲುಹಲ್ಲು

ಅಬ್ಬಾ, ಅಂದರೆ ಸತ್ತ ಹಲ್ಲಿಗೆ ಮತ್ತೆ ಜೀವ ಬರುತ್ತದೆ! ಇಷ್ಟು ಒಳ್ಳೆಯದಿದ್ದರೆ ಎಂಟಿಎ ಯಾಕೆ ಬೇಕು?

ಮಕ್ಕಳ_ದಂತವೈದ್ಯೆ

ಇಲ್ಲೇ ಸ್ವಲ್ಪ ನಿಧಾನಿಸಬೇಕು. ಹೀಗೆ ಚಿಕಿತ್ಸೆಯಾಗಿ, ಆಮೇಲೆ ಬೇರೆ ಕಾರಣಕ್ಕೆ ತೆಗೆಯಬೇಕಾಗಿ ಬಂದ ಮಕ್ಕಳ ಹಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ. ಹೆಚ್ಚಿನವುಗಳಲ್ಲಿ ಕಂಡದ್ದು ತಿರುಳಲ್ಲ. ಬೇರಿನ ಹೊರಗಿರುವ ಸಿಮೆಂಟಮ್ ಹೋಲುವ ಪದರ, ಮೂಳೆ ಹೋಲುವ ಅಂಗಾಂಶ, ಬೇರನ್ನು ಹಿಡಿದಿಡುವ ನಾರಿನಂಥ ಅಂಗಾಂಶ. ಎಕ್ಸ್‌ರೇಯಲ್ಲಿ ಗೋಡೆ ದಪ್ಪವಾಗಿ ಕಾಣುತ್ತದೆ ನಿಜ, ಆದರೆ ಆ ದಪ್ಪ ಡೆಂಟಿನ್‌ನದೇ ಎಂದು ಹೇಳಲಾಗದು. ಒಳಗೆ ರಕ್ತ ಓಡಾಡುವ ಜೀವಂತ ಅಂಗಾಂಶ ಇರುತ್ತದೆ, ಅದು ಒಳ್ಳೆಯದೇ. ಹಳೆಯ ತಿರುಳು ವಾಪಸ್ ಬಂತು ಎಂದು ಮಾತ್ರ ತಿಳಿಯಬೇಡಿ.

ಅಮೆರಿಕದ ಎಂಡೋಡಾಂಟಿಸ್ಟರ ಸಂಘ ಗುರಿಗಳನ್ನು ಮೂರು ಮೆಟ್ಟಿಲಾಗಿ ಇಟ್ಟಿದೆ. ಮೊದಲನೆಯದು ನೋವು, ಕೀವು, ಊತ ಹೋಗಿ ಮೂಳೆ ವಾಸಿಯಾಗುವುದು. ಇದು ಆಗಲೇಬೇಕು. ಎರಡನೆಯದು ಬೇರು ದಪ್ಪ, ಉದ್ದ ಆಗುವುದು. ಆದರೆ ಒಳ್ಳೆಯದು, ಆಗದಿದ್ದರೆ ಚಿಕಿತ್ಸೆ ಸೋತಿತು ಅಂತಲ್ಲ. ಮೂರನೆಯದು ತಣ್ಣಗಿನ ಪರೀಕ್ಷೆಗೆ ಹಲ್ಲು ಮತ್ತೆ ಸ್ಪಂದಿಸುವುದು. ಮೂರನೆಯದನ್ನು ನೆಚ್ಚಿಕೊಳ್ಳಲೇಬೇಡಿ. ಪೋಷಕರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ: ಮೊದಲನೆಯದಕ್ಕಾಗಿ ಮಾಡಿಸಿ. ಬೇರು ಬೆಳೆದರೆ ಸಂತೋಷ ಪಡೋಣ, ಬೆಳೆಯುತ್ತದೆ ಎಂದು ಮಾತು ಕೊಡಲು ನನ್ನಿಂದಾಗದು.

ಎಂಡೋ_ಪಿಜಿ

ಮೇಡಂ, ನೀವು ತುಸು ಜಾಸ್ತಿಯೇ ಎಚ್ಚರಿಕೆ ಹೇಳುತ್ತಿದ್ದೀರಿ ಅನಿಸುತ್ತದೆ. 2012ರಲ್ಲಿ ಥಾಯ್ಲೆಂಡಿನಿಂದ ಬಂದ 61 ಹಲ್ಲುಗಳ ಅಧ್ಯಯನ ನೋಡಿ. ರಕ್ತ ಬರಿಸಿದ ಗುಂಪಿನಲ್ಲಿ ಬೇರಿನ ಗೋಡೆಯ ದಪ್ಪ ಸರಾಸರಿ 28 ಶೇಕಡಾ, ಉದ್ದ ಸುಮಾರು 15 ಶೇಕಡಾ ಹೆಚ್ಚಿತ್ತು. ಎಂಟಿಎ ಗುಂಪಿನಲ್ಲಿ ದಪ್ಪ ಹೆಚ್ಚಿದ್ದು ಇಲ್ಲವೇ ಇಲ್ಲ ಎನ್ನುವಷ್ಟು. ಬೇರು ಬೆಳೆಯುವ ಅವಕಾಶ ಇರುವುದು ಈ ಒಂದರಲ್ಲೇ. ಆ ಅವಕಾಶ ಮಗುವಿಗೆ ಕೊಡಬೇಕಲ್ವಾ?

ಮಕ್ಕಳ_ದಂತವೈದ್ಯೆ

ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಹಿಂದಿನ ದಾಖಲೆಗಳನ್ನು ನೋಡಿ ಮಾಡಿದ ಸಣ್ಣ ಅಧ್ಯಯನ. ಆಮೇಲೆ ಬಂದ ಕೆಲವದರಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹಲ್ಲು ಯಾಕೆ ಸತ್ತಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ನೀವೇ ಹೇಳಿದ ಇವಾಯ ಅವರ ವರದಿಯಲ್ಲೂ ಬಾಂಕ್ಸ್ ಮತ್ತು ಟ್ರೋಪ್ ಅವರ ವರದಿಯಲ್ಲೂ ಇದ್ದದ್ದು ಪೆಟ್ಟು ತಿನ್ನದ ಪ್ರೀಮೋಲಾರ್‌ಗಳು. ಬೇರಿಗೆ ರೂಪ ಕೊಡುವ ಜೀವಕೋಶಗಳ ಪೊರೆ ಅವುಗಳಲ್ಲಿ ಕೆಡದೆ ಉಳಿದಿರುತ್ತದೆ. ಬಿದ್ದು ಪೆಟ್ಟಾದ ಮುಂದಿನ ಹಲ್ಲಿನಲ್ಲಿ, ಅದರಲ್ಲೂ ಹಲ್ಲು ಜಾಗದಿಂದ ಕದಲಿದ್ದರೆ, ಆ ಪೊರೆಗೇ ಏಟು ಬಿದ್ದಿರಬಹುದು. ಅಂಥವುಗಳಲ್ಲಿ ಬೇರಿನ ಬೆಳವಣಿಗೆ ಒಂದೊಂದು ಮಗುವಿನಲ್ಲಿ ಒಂದೊಂದು ಥರ. ಮಗ ಬಿದ್ದಾಗ ಹಲ್ಲು ಬರೀ ಮುರಿಯಿತಾ, ಕದಲಿತ್ತಾ ಅಂತ ನಿಮ್ಮ ಡಾಕ್ಟರಿಗೆ ಹೇಳಿ, ಪುಟ್ಟನ ಅಮ್ಮ.

ಗೋಡೆ ತುಂಬಾ ತೆಳ್ಳಗಿದ್ದು, ಬೇರು ಅರ್ಧಕ್ಕಿಂತ ಕಡಿಮೆ ಇದ್ದರೆ ನಾನು ರೀಜೆನರೇಟಿವ್ ಕಡೆಗೇ ವಾಲುತ್ತೇನೆ. ಬೇರು ಬಹುಪಾಲು ಆಗಿದ್ದು ತುದಿ ಮಾತ್ರ ಸ್ವಲ್ಪ ತೆರೆದಿದ್ದರೆ ಎಂಟಿಎ ಸಾಕು, ಬೇಗ ಮುಗಿಯುತ್ತದೆ. ಹಲ್ಲಿನ ಮೇಲ್ಭಾಗ ಪೂರ್ತಿ ಹೋಗಿ, ಒಳಗೆ ಪೋಸ್ಟ್ ಎಂಬ ಕಡ್ಡಿ ನೆಟ್ಟು ಕ್ಯಾಪ್ ಹಾಕಬೇಕಾಗಿದ್ದರೂ ರೀಜೆನರೇಟಿವ್ ಬೇಡ, ಕಡ್ಡಿಗೆ ಬೇಕಾದ ಜಾಗವೂ ಅದೇ ಆಗಿರುತ್ತದೆ. ಮತ್ತೆ ಮತ್ತೆ ಪರೀಕ್ಷೆಗೆ ಬರಲು ಆಗದ ಕುಟುಂಬಕ್ಕೂ ಎಂಟಿಎ ವಾಸಿ.

ಪುಟ್ಟನ_ಅಮ್ಮ

ಹಲ್ಲು ಕದಲಿರಲಿಲ್ಲ ಮೇಡಂ, ತುದಿ ಮಾತ್ರ ಮುರಿದಿತ್ತು. ಬೇರು ಅರ್ಧದಷ್ಟಿದೆ ಎಂದಿದ್ದಾರೆ. ರಕ್ತ ಬರಿಸುವಾಗ ಏನು ಮಾಡುತ್ತಾರೆ? ಅವನಿಗೆ ನೋವಾಗುತ್ತದಾ?

ಎಂಡೋ_ಪಿಜಿ

ನಾವು ಮಾಡುವ ಕ್ರಮ ಹೇಳುತ್ತೇನೆ. ಎರಡು ಭೇಟಿ ಇರುತ್ತದೆ.

ಮೊದಲ ದಿನ ಮರಗಟ್ಟಿಸಿ, ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಹಾಕುತ್ತಾರೆ. ಅದು ತೆಳ್ಳನೆ ರಬ್ಬರ್ ಹಾಳೆ, ಆ ಒಂದು ಹಲ್ಲು ಮಾತ್ರ ಹೊರಗೆ ಕಾಣುತ್ತದೆ. ಎಂಜಲು ಒಳಗೆ ಹೋಗಬಾರದು, ಔಷಧಿ ಬಾಯಿಗೆ ಇಳಿಯಬಾರದು. ಆಮೇಲೆ ಹಲ್ಲಿನ ಹಿಂದಿನಿಂದ ತೂತು ಮಾಡಿ ಸೋಡಿಯಂ ಹೈಪೋಕ್ಲೋರೈಟ್ ದ್ರವದಿಂದ ತೊಳೆಯುವುದು. ದೊಡ್ಡವರ ರೂಟ್ ಕೆನಾಲ್‌ಗೆ ಇದನ್ನು ಇನ್ನೂ ತೀಕ್ಷ್ಣವಾಗಿ ಬಳಸುವುದುಂಟು. ಇಲ್ಲಿ 1.5 ಶೇಕಡಾ ಮಾತ್ರ, ಯಾಕೆಂದರೆ ತೀಕ್ಷ್ಣವಾದದ್ದು ಬೇಕಾದ ಸ್ಟೆಮ್ ಸೆಲ್‌ಗಳನ್ನೇ ಕೊಲ್ಲುತ್ತದೆ. 20 ಮಿಲಿಲೀಟರ್, 5 ನಿಮಿಷ, ನಿಧಾನವಾಗಿ. ಸೂಜಿ ಬೇರಿನ ತುದಿಗಿಂತ 1 ಮಿಲಿಮೀಟರ್ ಹಿಂದೆಯೇ ನಿಲ್ಲಬೇಕು. ತುದಿ ಅಗಲ ಇರುವುದರಿಂದ ದ್ರವ ಹೊರಗೆ ಹಾಯುವ ಅಪಾಯ ಇದೆ, ಅದಕ್ಕೆ ಬದಿಯಲ್ಲಿ ರಂಧ್ರ ಇರುವ ಸೂಜಿ ಬಳಸುತ್ತಾರೆ. ಗೋಡೆಯನ್ನು ಫೈಲ್‌ನಿಂದ ಕೆರೆಯುವುದಿಲ್ಲ. ಕೊನೆಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಥವಾ ಆಂಟಿಬಯೋಟಿಕ್ ಪೇಸ್ಟ್ ಇಟ್ಟು ಮುಚ್ಚಿ ಕಳಿಸುತ್ತಾರೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಲ್ಲಿ ಒಳಗಿರುವುದು ಕೆಲವೇ ವಾರ, ಹಳೆಯ ಪದ್ಧತಿಯ ಹಾಗೆ ತಿಂಗಳುಗಟ್ಟಲೆ ಅಲ್ಲ.

1ರಿಂದ 4 ವಾರ ಬಿಟ್ಟು ಎರಡನೇ ಭೇಟಿ. ಗುಳ್ಳೆ ಒಣಗಿರಬೇಕು. ಇಲ್ಲದಿದ್ದರೆ ಔಷಧಿ ಬದಲಾಯಿಸಿ ಮತ್ತೆ ಕಾಯಬೇಕು, ಮುಂದಕ್ಕೆ ಹೋಗಬಾರದು. ಆ ದಿನದ ಮರಗಟ್ಟಿಸುವ ಇಂಜೆಕ್ಷನ್‌ನಲ್ಲಿ ಅಡ್ರಿನಲಿನ್ ಇರುವುದಿಲ್ಲ. ಅದು ರಕ್ತನಾಳ ಬಿಗಿ ಮಾಡುತ್ತದೆ, ನಮಗೆ ರಕ್ತ ಬರಬೇಕಲ್ವಾ. ಸಾಮಾನ್ಯವಾಗಿ 3 ಶೇಕಡಾ ಮೆಪಿವಕೇನ್. ಪೇಸ್ಟ್ ತೊಳೆದು, 17 ಶೇಕಡಾ ಇಡಿಟಿಎ ದ್ರವ ಬಿಡುತ್ತಾರೆ. ಡೆಂಟಿನ್ ಒಳಗೆ ಅಡಗಿರುವ ಬೆಳವಣಿಗೆಯ ಅಂಶಗಳನ್ನು ಅದು ಹೊರಗೆ ತರುತ್ತದೆ. ನಂತರ ಸಣ್ಣ ಫೈಲ್ ತುದಿಯನ್ನು ತುಸು ಬಗ್ಗಿಸಿ, ಬೇರಿನ ಆಚೆ 2 ಮಿಲಿಮೀಟರ್ ಇಳಿಸಿ ಮೆಲ್ಲಗೆ ತಿರುಗಿಸುತ್ತಾರೆ. ರಕ್ತ ಕೆಳಗಿನಿಂದ ಏರಿ ಬರುವುದು ಕಣ್ಣಿಗೆ ಕಾಣುತ್ತದೆ. ಒಸಡಿನ ಮಟ್ಟಕ್ಕೆ ಬಂದಾಗ ಒದ್ದೆ ಹತ್ತಿ ಉಂಡೆ ಇಟ್ಟು ಹೆಪ್ಪುಗಟ್ಟಲು ಸುಮಾರು 15 ನಿಮಿಷ ಕಾಯುವುದು. ಹೆಪ್ಪಿನ ಮೇಲೆ ಕರಗುವ ಕೊಲಾಜೆನ್ ತುಣುಕು, ಅದರ ಮೇಲೆ 3 ಮಿಲಿಮೀಟರಿನಷ್ಟು ಎಂಟಿಎ ಅಥವಾ ಬಯೋಡೆಂಟಿನ್, ಮೇಲೆ ಬಿಗಿಯಾದ ಫಿಲ್ಲಿಂಗ್.

ನೋವಿನ ವಿಷಯ: ಫೈಲ್ ತುದಿ ದಾಟುವ ಕ್ಷಣದಲ್ಲಿ ಕೆಲವು ಮಕ್ಕಳಿಗೆ ಚುಳ್ ಎನ್ನಬಹುದು. ಡಾಕ್ಟರ್ ಮೊದಲೇ ಹೇಳಿರುತ್ತಾರೆ. ರಕ್ತದ ಪ್ರಮಾಣ ಅಂದರೆ ಒಂದೆರಡು ಹನಿ ಅಷ್ಟೇ, ಮೇಡಂ.

ಅಕ್ಕರೆಯ_ಅಪ್ಪ

ನಮ್ಮ ಮಗಳಿಗೆ ಇದೇ ಚಿಕಿತ್ಸೆ ಆಗಿದೆ. ಮೇಲಿನ ಮುಂದಿನ ಹಲ್ಲು. ಕೀವು ನಿಂತಿತು, ಮೂಳೆಯ ಕಪ್ಪು ನೆರಳು ಹೋಯಿತು. ಬೇರು ದಪ್ಪ ಆಗಿದೆ, ಉದ್ದ ಹೆಚ್ಚೇನೂ ಆಗಿಲ್ಲ. ಒಂದೇ ಬೇಜಾರು, ಹಲ್ಲು ಬೂದು ಬಣ್ಣಕ್ಕೆ ತಿರುಗಿದೆ. ಬಣ್ಣ ಬದಲಾಗಬಹುದು ಎಂದು ನಮಗೆ ಅಲ್ಲಿ ಯಾರೂ ಮೊದಲೇ ಹೇಳಿರಲಿಲ್ಲ. ಫೋಟೋ ತೆಗೆಯುವಾಗ ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ. ನೀವು ಇದನ್ನು ಕೇಳಿಯೇ ಮುಂದುವರಿಯಿರಿ.

ಮಕ್ಕಳ_ದಂತವೈದ್ಯೆ

ಸರ್, ನಿಮ್ಮ ಬೇಜಾರು ನ್ಯಾಯವೇ. ಈ ವಿಷಯ ಹೇಳಿಯೇ ಒಪ್ಪಿಗೆ ತೆಗೆದುಕೊಳ್ಳಬೇಕು. ಬಣ್ಣಕ್ಕೆ ಎರಡು ಕಾರಣ ಮುಖ್ಯ. ಹಿಂದೆ ಎಲ್ಲರೂ ಬಳಸುತ್ತಿದ್ದ ಮೂರು ಆಂಟಿಬಯೋಟಿಕ್‌ಗಳ ಪೇಸ್ಟ್‌ನಲ್ಲಿ ಸಿಪ್ರೊಫ್ಲಾಕ್ಸಾಸಿನ್, ಮೆಟ್ರೊನಿಡಜೋಲ್ ಜೊತೆ ಮಿನೊಸೈಕ್ಲಿನ್ ಇತ್ತು. ಇದು ಟೆಟ್ರಾಸೈಕ್ಲಿನ್ ಜಾತಿಯದು, ಡೆಂಟಿನ್‌ಗೆ ಅಂಟಿಕೊಂಡು ಕಪ್ಪಾಗುತ್ತದೆ. ಎರಡನೆಯದು ಎಂಟಿಎ. ಅದರಲ್ಲಿರುವ ಬಿಸ್ಮತ್ ಆಕ್ಸೈಡ್ ರಕ್ತ ತಾಗಿದಾಗ ಬಣ್ಣ ಬಿಡುತ್ತದೆ. ಅದಕ್ಕೇ ಮುಂದಿನ ಹಲ್ಲಿಗೆ ಈಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು, ಮೇಲೆ ಬಿಸ್ಮತ್ ಇಲ್ಲದ ಬಯೋಡೆಂಟಿನ್ ಥರದ ವಸ್ತು ಹಾಕುವುದು ವಾಸಿ. ಯುರೋಪಿನ ಎಂಡೋಡಾಂಟಿಕ್ ಸಂಘ 2016ರಲ್ಲಿ ಕೊಟ್ಟ ಸಲಹೆಯೂ ಆಂಟಿಬಯೋಟಿಕ್ ಪೇಸ್ಟ್ ಬಿಟ್ಟು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕಡೆಗೇ. ನಿಮ್ಮ ಮಗಳ ಹಲ್ಲನ್ನು ಒಳಗಿನಿಂದ ಬ್ಲೀಚ್ ಮಾಡಿ ತಿಳಿಯಾಗಿಸಬಹುದು, ಅಥವಾ ಹಲ್ಲಿನ ಮುಂಭಾಗಕ್ಕೆ ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಪದರ ಹಾಕಿಸಬಹುದು. ಮಗು ನಗಲು ಹಿಂಜರಿಯುತ್ತಿದ್ದರೆ ಕಾಯಬೇಡಿ, ಈಗಲೇ ಮಾತಾಡಿ.

ಹಾಲುಹಲ್ಲು

ಎರಡು ಭೇಟಿ ಆದ ಮೇಲೆ ಮುಗಿಯಿತಾ?

ಮಕ್ಕಳ_ದಂತವೈದ್ಯೆ

ಇಲ್ಲ. 6 ತಿಂಗಳು, 12 ತಿಂಗಳು, 24 ತಿಂಗಳಿಗೆ ನೋಡಬೇಕು, ಆಮೇಲೆ ವರ್ಷಕ್ಕೊಮ್ಮೆ. ಮೂಳೆ ವಾಸಿಯಾದದ್ದು 6ರಿಂದ 12 ತಿಂಗಳಲ್ಲಿ ಕಾಣುತ್ತದೆ. ಗೋಡೆ ದಪ್ಪವಾಗುವುದು ಅದಕ್ಕಿಂತ ತಡ, 12ರಿಂದ 24 ತಿಂಗಳು. ಆರು ತಿಂಗಳ ಎಕ್ಸ್‌ರೇಯಲ್ಲಿ ಬೇರು ಬೆಳೆದಿಲ್ಲ ಎಂದು ಕಂಗಾಲಾಗಬೇಡಿ.

ನೋವಿಲ್ಲ ಎಂದು ಪರೀಕ್ಷೆ ತಪ್ಪಿಸುವುದು ಮಾತ್ರ ಬೇಡ. ಪುಟ್ಟನಿಗೆ ಕೀವಿದ್ದರೂ ನೋವಿರಲಿಲ್ಲ ನೋಡಿ. ಮೇಲಿನ ಫಿಲ್ಲಿಂಗ್ ಸಡಿಲವಾಗಿ ಸೋಂಕು ಮತ್ತೆ ಹೊಕ್ಕರೆ ಸದ್ದಿಲ್ಲದೆ ಕೆಡುತ್ತದೆ. ಕೆಲವು ಹಲ್ಲುಗಳಲ್ಲಿ ಒಳಗಿನ ದಾರಿ ಪೂರ್ತಿ ಗಟ್ಟಿ ಪದಾರ್ಥದಿಂದ ಮುಚ್ಚಿಹೋಗುತ್ತದೆ. ಎಲ್ಲ ಸರಿಯಿದ್ದರೆ ಅದಕ್ಕೆ ಏನೂ ಮಾಡಬೇಕಿಲ್ಲ, ಮುಂದೆಂದಾದರೂ ಒಳಗೆ ಹೋಗಬೇಕಾದರೆ ಕಷ್ಟ. ಇನ್ನು ಚಿಕಿತ್ಸೆಯ ದಿನ ರಕ್ತವೇ ಬಾರದಿರುವುದೂ ಉಂಟು. ಆಗ ಮಗುವಿನ ತೋಳಿನಿಂದ ಸ್ವಲ್ಪ ರಕ್ತ ತೆಗೆದು, ಅದನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಪಿಆರ್‌ಎಫ್ ಎಂಬ ಜೆಲ್ಲಿಯಂಥ ಪದರ ಮಾಡಿ ಒಳಗಿಡುವವರಿದ್ದಾರೆ, ಇಲ್ಲವೇ ಎಂಟಿಎಗೆ ತಿರುಗುತ್ತಾರೆ. ರೀಜೆನರೇಟಿವ್ ಕೈಕೊಟ್ಟರೂ ಎಂಟಿಎ ದಾರಿ ತೆರೆದೇ ಇರುತ್ತದೆ. ಅದು ಇದರ ದೊಡ್ಡ ಅನುಕೂಲ.

ಪುಟ್ಟನ_ಅಮ್ಮ

ಈಗ ತಲೆ ತಿಳಿಯಾಯಿತು. ರೀಜೆನರೇಟಿವ್ ಮಾಡಿಸುವುದೆಂದು ಮನೆಯಲ್ಲಿ ತೀರ್ಮಾನ ಮಾಡಿದ್ದೇವೆ. ಯಾವ ಪೇಸ್ಟ್ ಇಡುತ್ತೀರಿ, ಮೇಲೆ ಯಾವ ಸಿಮೆಂಟ್, ರಬ್ಬರ್ ಡ್ಯಾಮ್ ಹಾಕುತ್ತೀರಾ, ಪರೀಕ್ಷೆಗೆ ಯಾವಾಗ ಬರಬೇಕು, ಇಷ್ಟು ಬರೆದುಕೊಂಡು ಹೋಗುತ್ತೇನೆ. ಎಲ್ಲರಿಗೂ ತುಂಬಾ ಧನ್ಯವಾದ.

ಬೆಳದಿಂಗಳು

ತಡವಾಗಿ ಓದಿದೆ. ನನ್ನದೊಂದು ಪ್ರಶ್ನೆ. ಮಗಳಿಗೆ ಹನ್ನೊಂದು ವರ್ಷ. ಹೊಸದಾಗಿ ಹುಟ್ಟಿದ ಕೆಳಗಿನ ಪ್ರೀಮೋಲಾರ್ ಹಲ್ಲಿನ ನಡುವೆ ಒಂದು ಚೂಪಾದ ಮೊಟ್ಟು ಇದೆ. ಹುಳುಕು ಇಲ್ಲ, ನೋವಿಲ್ಲ. ಕಚ್ಚುವಾಗ ಅಡ್ಡ ಬರುತ್ತದೆ ಎಂದು ಪರಿಚಯದವರೊಬ್ಬರು ಅದನ್ನು ಉಜ್ಜಿಸಿ ಬಿಡಿ ಎನ್ನುತ್ತಿದ್ದಾರೆ. ಪ್ರೀಮೋಲಾರ್ ಮಾತು ಬಂದದ್ದರಿಂದ ಕೇಳಿದೆ.

ಮಕ್ಕಳ_ದಂತವೈದ್ಯೆ

ಒಳ್ಳೆಯ ಸಮಯಕ್ಕೆ ಕೇಳಿದಿರಿ. ದಯವಿಟ್ಟು ಉಜ್ಜಿಸಬೇಡಿ. ಇದಕ್ಕೆ ಡೆನ್ಸ್ ಇವ್ಯಾಜಿನೇಟಸ್ ಎನ್ನುತ್ತಾರೆ. ಏಷ್ಯಾದ ಜನರಲ್ಲಿ ಜಾಸ್ತಿ ಕಾಣುತ್ತದೆ. ಆ ಮೊಟ್ಟಿನ ಮೇಲೆ ಎನಾಮಲ್, ಒಳಗೆ ಡೆಂಟಿನ್, ಎಷ್ಟೋ ಸಲ ಅದರೊಳಗೆ ತಿರುಳಿನ ಸಣ್ಣ ಎಳೆಯೂ ಏರಿ ಬಂದಿರುತ್ತದೆ. ಮೊಟ್ಟು ಸವೆದರೆ ಅಥವಾ ಮುರಿದರೆ ಸೋಂಕು ನೇರ ತಿರುಳಿಗೆ ಇಳಿಯುತ್ತದೆ. ಹುಳುಕೇ ಇಲ್ಲದ ಹಲ್ಲಿನಲ್ಲಿ ಕೀವು ಬರುವುದು ಹೀಗೆಯೇ. ಪ್ರೀಮೋಲಾರ್‌ನ ಬೇರು ಮುಗಿಯುವುದು 12ರಿಂದ 14 ವರ್ಷಕ್ಕೆ. ಅಷ್ಟರೊಳಗೆ ತಿರುಳು ಸತ್ತರೆ ಈ ಮೇಲಿನ ಚಿಕಿತ್ಸೆಯೇ ಬೇಕಾಗುತ್ತದೆ.

ಈಗ ಮಾಡಬೇಕಾದ್ದು ಸುಲಭ. ಒಂದು ಎಕ್ಸ್‌ರೇ ತೆಗೆಸಿ. ತಿರುಳು ಚೆನ್ನಾಗಿದ್ದರೆ ಮೊಟ್ಟಿನ ಸುತ್ತ ಮತ್ತು ಮೇಲೆ ತೆಳುವಾಗಿ ಹರಿಯುವ ಕಾಂಪೋಸಿಟ್ ಹಾಕಿ ಆಸರೆ ಕೊಡುತ್ತಾರೆ. ಮುರಿಯುವ ಭಯ ತಪ್ಪುತ್ತದೆ, ಮೆಲ್ಲಗೆ ಎರಡೂ ಸೇರಿ ಸವೆಯುವಾಗ ತಿರುಳು ಒಳಗೆ ಹಿಂದೆ ಸರಿದುಕೊಳ್ಳುತ್ತದೆ. ಮರಗಟ್ಟಿಸುವ ಅಗತ್ಯವೂ ಸಾಮಾನ್ಯವಾಗಿ ಬರುವುದಿಲ್ಲ. ಎದುರಿನ ಹಲ್ಲು ಆ ಮೊಟ್ಟಿಗೆ ಜೋರಾಗಿ ತಾಗುತ್ತಿದ್ದರೆ ಎದುರಿನದನ್ನೇ ತುಸು ಸರಿ ಮಾಡುತ್ತಾರೆ. ಹಾಗೆಯೇ ಇನ್ನೊಂದು ಬದಿಯ ಪ್ರೀಮೋಲಾರ್‌ಗಳನ್ನೂ ಅದೇ ದಿನ ತೋರಿಸಿ. ಒಂದು ಕಡೆ ಇದ್ದರೆ ಆ ಕಡೆಯೂ ಇರುವುದೇ ಹೆಚ್ಚು. ಇನ್ನೂ ಒಸಡಿನಿಂದ ಹೊರಬರದ ಹಲ್ಲಿದ್ದರೆ, ಅದು ಬಂದ ಕೂಡಲೇ ಮತ್ತೊಮ್ಮೆ ಕರೆದುಕೊಂಡು ಹೋಗಿ.